ನೂರ ಹದಿನೇಳನೇ ಜೋಡಿಯ ಕೋನ

ಕೊಡಿಗೇಹಳ್ಳಿ
6 ನವೆಂಬರ್ 2023

ಪದ್ದು,

ನೂರ ಹದಿನೇಳನೇ ಜೋಡಿ. ಕೋನ 212.4. ಅಂತರ 0.18.

ಅಂಕಿ ಬರೆದಾಯಿತು, ಇನ್ನು ಸಮಾಚಾರ. ನಿನ್ನ ಪೆನ್ ಡ್ರೈವ್ ಗುರುವಾರ ಬಂತು. ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಪ್ರತಿಭಾ ಟೀಚರ್ ಪೋಸ್ಟ್‌ಮ್ಯಾನ್ ಕೈಯಿಂದ ಇಸಕೊಂಡು ತಂದುಕೊಟ್ಟಳು. "ಈ ಕಾಲದಲ್ಲಿ ಪೆನ್ ಡ್ರೈವ್‌ನ ಪೋಸ್ಟ್‌ನಲ್ಲಿ ಯಾರ್ ಕಳಿಸ್ತಾರೆ ಅಂಕಲ್?" ಅಂತ ನಕ್ಕಳು. ನನ್ನ ಹೆಂಡತಿಯ ತಂಗಿಯ ಮಗಳು, ಉತ್ತರಾಖಂಡದ ಬೆಟ್ಟದ ಮೇಲೆ ದೊಡ್ಡ ದೂರದರ್ಶಕದಲ್ಲಿ ಕೆಲಸ ಮಾಡುತ್ತಾಳೆ ಅಂದೆ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಚಿತ್ರ ತೆಗೆದು ಕಳಿಸುತ್ತಾಳೆ. ಮೊದಲನೆಯದರಿಂದ ಎರಡನೆಯದು ಯಾವ ಕೋನಕ್ಕಿದೆ, ಎಷ್ಟು ದೂರಕ್ಕಿದೆ ಅಂತ ಅವಳೂ ಅಳೆಯುತ್ತಾಳೆ, ನಾನೂ ಅಳೆಯುತ್ತೇನೆ. ಇಬ್ಬರೂ ಒಂದೇ ದಿನ ಕಾಗದ ಬರೆದು ಅಂಚೆಗೆ ಹಾಕುತ್ತೇವೆ, ಹಾಗಾಗಿ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವ ಹಾಗಿಲ್ಲ ಅಂತ ವಿವರಿಸಿದೆ. "ವಾಟ್ಸಪ್ ಮಾಡಿದ್ರೆ ಆಗಲ್ವಾ?" ಅಂದಳು. ಆಗಲ್ಲ ಕಣಮ್ಮ ಅಂದೆ. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಕೂತವನು ನಾನು. ಮೊದಲನೆಯವನು ಅಳೆದದ್ದನ್ನು ಎರಡನೆಯವನಿಗೆ ತೋರಿಸಿದರೆ ಎರಡನೆಯವನು ಅಳೆಯುವುದೇ ಇಲ್ಲ, ತಲೆ ಆಡಿಸುತ್ತಾನೆ ಅಷ್ಟೆ.

ಬರುವ ಫೆಬ್ರವರಿ ನೆನಪಿದೆ ತಾನೆ? 2008ರಲ್ಲಿ ನಾನು ಕೂತು ಹಾಕಿದ ಲೆಕ್ಕದ ಪ್ರಕಾರ ಈ ಜೋಡಿಗೆ ಮೂವತ್ತೆಂಟು ವರ್ಷಕ್ಕೊಂದು ಸುತ್ತು. ಫೆಬ್ರವರಿಯಲ್ಲಿ ಎರಡೂ ಅತಿ ಹತ್ತಿರ ಬರಬೇಕು. ಅದೊಂದು ಆಗಿಬಿಟ್ಟರೆ ನಮ್ಮ ಜೋಡಿ ನಕ್ಷತ್ರಗಳ ಪಟ್ಟಿ ಅಚ್ಚಾಗುತ್ತದೆ. 1988ರಲ್ಲಿ ಈ ಮನೆಯ ತಾರಸಿ ಮೇಲೆ ಶುರು ಮಾಡಿದ್ದು, ಆಗ ಕೊಡಿಗೇಹಳ್ಳಿಯಲ್ಲಿ ಕತ್ತಲೆ ಅನ್ನುವುದೊಂದು ಇತ್ತು. ಈಗ ಸುತ್ತ ಅಪಾರ್ಟ್‌ಮೆಂಟು ಎದ್ದು ಚಂದ್ರನೇ ಮಂಕಾಗಿ ಕಾಣುತ್ತಾನೆ. ಇದೊಂದು ಪಟ್ಟಿ ಬಿಟ್ಟರೆ ನಾನು ಬಿಟ್ಟು ಹೋಗುವುದು ಬೇರೇನೂ ಇಲ್ಲ.

ಸ್ವೆಟರ್ ಹಾಕಿಕೋ. ಹೊತ್ತಿಗೆ ಸರಿಯಾಗಿ ತಿನ್ನು.

ದೊಡ್ಡಪ್ಪ
ಆನಂದಪ್ಪ


ಬೆಟ್ಟದಿಂದ
6 ನವೆಂಬರ್ 2023

ದೊಡ್ಡಪ್ಪ,

117. ಕೋನ 218.1. ಅಂತರ 0.20.

ಹೊಸ ಕ್ಯಾಮೆರಾ ಬಂದಿದೆ. ಗಾಳಿಯ ನಡುಕದಲ್ಲಿ ನಕ್ಷತ್ರ ಕುಣಿಯುತ್ತದಲ್ಲ, ಆ ಕುಣಿತವನ್ನು ಸೆಕೆಂಡಿಗೆ ನೂರು ಸಲ ಹಿಡಿಯುತ್ತದೆ. ಅಂಥ ಸಾವಿರಾರು ಚಿತ್ರ ಸೇರಿಸಿ ಕಂಪ್ಯೂಟರ್ ಒಂದು ಚಿತ್ರ ಕೊಡುತ್ತದೆ. ಈ ಸಲ ಎರಡೂ ಚುಕ್ಕಿ ಎಷ್ಟು ಸ್ವಚ್ಛವಾಗಿ ಬಂದಿವೆ ಅಂದರೆ, ನೀವು ನೋಡಿ ಖುಷಿಪಟ್ಟಿರುತ್ತೀರಿ ಅಂದುಕೊಂಡಿದ್ದೇನೆ.

ಇದು ದೊಡ್ಡಮ್ಮ ಇಲ್ಲದ ಮೂರನೇ ದೀಪಾವಳಿ. ಫೋನ್ ಮಾಡೋಣ ಅನ್ನಿಸುತ್ತದೆ. ಆಗ ಎರಡು ಸಲ ಮಾಡಿದಾಗಲೂ ಇಬ್ಬರೂ ಬರೀ ಅತ್ತು ಇಟ್ಟೆವು, ಅದಕ್ಕೇ ಧೈರ್ಯ ಬರುವುದಿಲ್ಲ. ಲಾಕ್‌ಡೌನ್ ಇತ್ತು, ಬರಲಾಗಲಿಲ್ಲ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜವೂ ಹೌದು. ಆದರೂ ಸಮಾಧಾನ ಇಲ್ಲ.

ಪದ್ಮಶ್ರೀ


ಬೆಟ್ಟದಿಂದ
17 ನವೆಂಬರ್ 2023

ದೊಡ್ಡಪ್ಪ,

ನಿಮ್ಮ ಕಾಗದ ಬಂತು. ನಿಮ್ಮದಕ್ಕೂ ನನ್ನದಕ್ಕೂ ಹೆಚ್ಚುಕಡಿಮೆ ಆರು ಡಿಗ್ರಿ ವ್ಯತ್ಯಾಸ. ಹಿಂದೆಲ್ಲ ಅರ್ಧ ಡಿಗ್ರಿ ಬಂದರೆ ನೀವು ನನ್ನನ್ನು ತಿಂಗಳುಗಟ್ಟಲೆ ಗೇಲಿ ಮಾಡುತ್ತಿದ್ದಿರಿ, ಚಿತ್ರ ನೋಡಿ ಅಳೆದೆಯೋ ನಿದ್ದೆಗಣ್ಣಲ್ಲಿ ಅಳೆದೆಯೋ ಅಂತ. ಈಗ ನಾನು ಕೇಳಬೇಕಾಗಿದೆ.

ತಮಾಷೆ ಬಿಟ್ಟು ಹೇಳುತ್ತೇನೆ. ಎರಡು ವರ್ಷದಿಂದ ಈ ವ್ಯತ್ಯಾಸ ಬೆಳೆಯುತ್ತಲೇ ಇದೆ. ನಾನು ಹಳೇ ಕ್ಯಾಮೆರಾದ ಮೇಲೆ ಅನುಮಾನಪಟ್ಟು ಸುಮ್ಮನಿದ್ದೆ. ಹೊಸದೂ ಅದನ್ನೇ ಹೇಳುತ್ತಿದೆ. ಇನ್ನೊಂದು ಸಲ ನೋಡುತ್ತೀರಾ? ಅಕ್ಷರ ಯಾಕೆ ಇಷ್ಟು ದಪ್ಪ ಬರೆಯುತ್ತಿದ್ದೀರಿ? ಒಂದು ಪುಟಕ್ಕೆ ಎಂಟೇ ಸಾಲು. ಕಣ್ಣಿನ ಡಾಕ್ಟರ ಹತ್ತಿರ ಯಾವಾಗ ಹೋಗಿದ್ದಿರಿ?

ಪದ್ಮಶ್ರೀ


ಕೊಡಿಗೇಹಳ್ಳಿ
27 ನವೆಂಬರ್ 2023

ಪದ್ದು,

ಮತ್ತೆ ನೋಡಿದೆ. 212.4. ಅದೇ.

ಪೆನ್ನು ದಪ್ಪ, ಅದಕ್ಕೆ ಅಕ್ಷರ ದಪ್ಪ. ಇದರಲ್ಲಿ ಡಾಕ್ಟರು ಮಾಡುವುದೇನಿದೆ? ಲೇಸರ್ ಮಾಡಿಸಿ ವಾಸಿಯಾಗಿ ಹದಿಮೂರು ವರ್ಷವಾಯಿತು. ಒಂದು ಮೈಕ್ರಾನ್ ಹೆಚ್ಚುಕಡಿಮೆ ಆದರೆ ಕೈಗೆ ಗೊತ್ತಾಗುತ್ತಿದ್ದ ಮನುಷ್ಯ ನಾನು. ನಿನಗೆ ಸ್ಲೇಟು ಹಿಡಿದು ಕೋನ ಅಂದರೇನು ಅಂತ ಹೇಳಿಕೊಟ್ಟವನೂ ನಾನೇ. ನಿನ್ನ ಹೊಸ ಕ್ಯಾಮೆರಾ ಓರೆಯಾಗಿ ಕೂತಿರಬೇಕು, ಅದನ್ನು ಮೊದಲು ನೋಡು.

ನಿನ್ನ ಮೇಲೆ ಕೋಪ ಇಲ್ಲ. ಇನ್ನು ಎರಡೂವರೆ ತಿಂಗಳು. ಫೆಬ್ರವರಿ ಬಂದರೆ ಯಾರು ಸರಿ ಅಂತ ಆಕಾಶವೇ ಹೇಳುತ್ತದೆ.

ದೊಡ್ಡಪ್ಪ


ಕೊಡಿಗೇಹಳ್ಳಿ
8 ಜನವರಿ 2024

ಪದ್ದು,

117. ಕೋನ 206.3. ಅಂತರ 0.16.

ನೋಡಿದೆಯಾ, ಹತ್ತಿರ ಬರುತ್ತಿವೆ. ಈ ಸಲದ ಚಿತ್ರ ಬಹಳ ಚೆನ್ನಾಗಿದೆ. ಕ್ಯಾಮೆರಾ ಸರಿ ಮಾಡಿಸಿದೆ ಅನ್ನಿಸುತ್ತದೆ. ನಿನ್ನ ಅಂಕಿಯೂ ಈ ಸಲ ನನ್ನದರ ಹತ್ತಿರ ಬಂದಿರುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ.

ಸಂಕ್ರಾಂತಿಗೆ ಎಳ್ಳು ಬೀರುವವರು ಮನೆಯಲ್ಲಿ ಯಾರೂ ಇಲ್ಲ. ನಿನಗೆ ಕಳಿಸಬೇಕು ಅಂದದ್ದಕ್ಕೆ ಪ್ರತಿಭಾ ವಾರ ಮೊದಲೇ ಒಂದು ಪೊಟ್ಟಣ ಕೊಟ್ಟಳು. ಅದರಲ್ಲಿ ಅರ್ಧ ನಿನಗೆ ಇದರ ಜೊತೆ ಇಟ್ಟಿದ್ದೇನೆ. ಕೊಬ್ಬರಿ ದಪ್ಪ ದಪ್ಪ ಹೆಚ್ಚಿದ್ದಾಳೆ ಪಾಪ, ನಿನ್ನ ದೊಡ್ಡಮ್ಮ ನೋಡಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ದೊಡ್ಡಪ್ಪ


ಬೆಟ್ಟದಿಂದ
19 ಜನವರಿ 2024

ದೊಡ್ಡಪ್ಪ,

ಈ ಕಾಗದ ಬರೆಯಲು ಮೂರು ದಿನ ಹಿಡಿಯಿತು.

ಜನವರಿಯಲ್ಲಿ ನಾನು ನಿಮಗೆ ಕಳಿಸಿದ್ದು ನೂರ ಹದಿನೇಳರ ಚಿತ್ರ ಅಲ್ಲ. ಎಂಬತ್ನಾಲ್ಕನೇ ಜೋಡಿಯದು. ಹೆಸರು ಮಾತ್ರ ಬದಲಿಸಿದ್ದೆ. ಅದರಲ್ಲಿ ಎರಡು ಚುಕ್ಕಿಗಳು ಎಷ್ಟು ದೂರ ಇವೆ ಅಂದರೆ ಶಾಲೆ ಮಗು ಕೂಡ ನೋಡಿ ಇದು ಬೇರೆ ಅನ್ನುತ್ತದೆ. ನೀವು 206.3 ಅಂತ ಬರೆದಿರಿ. ಚಿತ್ರ ಚೆನ್ನಾಗಿದೆ ಅಂತಲೂ ಬರೆದಿರಿ.

206.3 ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2008ರ ನಿಮ್ಮ ಲೆಕ್ಕದ ಹಾಳೆಯಲ್ಲಿ ಈ ಜನವರಿಗೆ ಅದೇ ಅಂಕಿ ಇದೆ. ನವೆಂಬರಿನ 212.4 ಕೂಡ ಅಲ್ಲೇ ಇದೆ. ಹಿಂದಿನ ಕಾಗದಗಳನ್ನೆಲ್ಲ ತೆಗೆದು ಹೋಲಿಸಿದೆ. ಎರಡು ವರ್ಷಕ್ಕೂ ಹೆಚ್ಚು ಕಾಲದ ನಿಮ್ಮ ಅಂಕಿಗಳು ಒಂದೂ ತಪ್ಪದೆ ಆ ಹಾಳೆಯಲ್ಲೇ ಇವೆ. ಕಣ್ಣಿಂದ ಅಳೆದವರ ಅಂಕಿ ಹಾಗೆ ಬರುವುದಿಲ್ಲ, ಇದನ್ನು ಹೇಳಿಕೊಟ್ಟವರು ನೀವೇ. ನಿಮ್ಮ ಲೆಕ್ಕ ತಪ್ಪಬಾರದು ಅಂತ ಆಕಾಶವನ್ನೇ ತಿದ್ದಿದಿರಾ?

ನಾನು ಮಾಡಿದ್ದು ಮೋಸ. ನಿಮ್ಮನ್ನು ಪರೀಕ್ಷೆ ಮಾಡುವಷ್ಟು ದೊಡ್ಡವಳಾದೆನಲ್ಲ ಅಂತ ನಾಚಿಕೆಯಾಗಿದೆ. ಆದರೆ ಪಟ್ಟಿಯನ್ನು ಮಾರ್ಚ್ ಕೊನೆಯೊಳಗೆ ಅಚ್ಚಿಗೆ ಕಳಿಸಬೇಕು. ಯಾವ ದಿನದಿಂದ ನೀವು ಅಳೆಯದೇ ಬರೆದಿರಿ ಅಂತ ನನಗೆ ತಿಳಿಯಲೇಬೇಕು. ತಿಳಿಯದಿದ್ದರೆ ಯಾವುದು ನಿಜ, ಯಾವುದು ಅಲ್ಲ ಅಂತ ಬಿಡಿಸಲಾಗುವುದಿಲ್ಲ, 1988ರಿಂದ ನಿಮ್ಮದು ಅಂತ ಇರುವುದನ್ನೆಲ್ಲ ನಾನೇ ಕೈಯಾರೆ ಹೊಡೆದುಹಾಕಬೇಕಾಗುತ್ತದೆ. ಅದೊಂದನ್ನು ನನ್ನ ಕೈಯಲ್ಲಿ ಮಾಡಿಸಬೇಡಿ.

ಪದ್ಮಶ್ರೀ


ಬೆಟ್ಟದಿಂದ
12 ಫೆಬ್ರವರಿ 2024

ದೊಡ್ಡಪ್ಪ,

ನಿಮ್ಮಿಂದ ಕಾಗದ ಇಲ್ಲ. ನಿನ್ನೆ ಫೋನ್ ಮಾಡಿದೆ. ಪ್ರತಿಭಾ ಅನ್ನುವವರು ಎತ್ತಿಕೊಂಡರು. "ಚೆನ್ನಾಗಿದ್ದಾರೆ, ಊಟ ಮಾಡ್ತಿದ್ದಾರೆ. ಆದ್ರೆ ಮಾತಾಡಲ್ಲ ಅಂತಿದ್ದಾರೆ ಮೇಡಂ, ಕಾಗದ ಬರೀತಾರಂತೆ" ಅಂದರು. ಹಿಂದೆ ನಿಮ್ಮ ಕೆಮ್ಮು ಕೇಳಿಸಿತು. ಅಷ್ಟಾದರೂ ಕೇಳಿಸಿತಲ್ಲ ಅಂದುಕೊಂಡೆ.

ಒಂದು ತಾರೀಖು ಬರೆದು ಕಳಿಸಿ ಸಾಕು. ಕಾರಣ ಕೇಳುವುದಿಲ್ಲ.

ಪದ್ದು


ಕೊಡಿಗೇಹಳ್ಳಿ
26 ಫೆಬ್ರವರಿ 2024

ಪದ್ದು,

ತಾರೀಖು: 26 ಏಪ್ರಿಲ್ 2021. ಅಂದಿನಿಂದ ನಾನು ಕಳಿಸಿದ ಯಾವುದನ್ನೂ ಯಾರೂ ಅಳೆದಿಲ್ಲ. ಎಲ್ಲವನ್ನೂ ಹೊಡೆದುಹಾಕು.

ಕಾರಣ ಕೇಳುವುದಿಲ್ಲ ಅಂದೆ. ಕೇಳದಿದ್ದರೆ ಬರೆಯದೇ ಇರಬಹುದು ಅಂತ ಮೂರು ದಿನ ಕೂತಿದ್ದೆ. ಆಗಲಿಲ್ಲ. ನಿನ್ನ ಜನವರಿಯ ಕಾಗದವನ್ನು ನನಗೆ ಓದಿ ಹೇಳಿದ್ದು ಪ್ರತಿಭಾ. "ಯಾವ ದಿನದಿಂದ" ಅನ್ನುವ ಸಾಲಿಗೆ ಬಂದಾಗ ಅವಳ ದನಿ ಸಣ್ಣಗಾಯಿತು. ನಾನು ಗೋಡೆ ಕಡೆ ತಿರುಗಿ ಕೂತೆ.

ಲೇಸರ್ ಮಾಡಿಸಿದೆ ನಿಜ, ವಾಸಿಯಾಗಲಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣಿನ ನಡುಭಾಗವನ್ನು ತಿಂದುಹಾಕಿತು. ಏನನ್ನು ನೇರ ನೋಡುತ್ತೇನೋ ಅದು ಕಾಣುವುದಿಲ್ಲ, ಅದರ ಸುತ್ತಲಿನದು ಕಾಣುತ್ತದೆ. ಕಾಗದ ಬರೆಯುವಾಗ ಪಕ್ಕದ ಗೋಡೆ ನೋಡಿಕೊಂಡು ಬರೆಯಬೇಕು. ಇದು 2010ರಿಂದ, ನೀನು ಬೆಟ್ಟಕ್ಕೆ ಹೋದ ವರ್ಷದಿಂದ. ನೀನು ವರ್ಷಕ್ಕೊಮ್ಮೆ ಬಂದಾಗ ಕೈಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದೆ. ನೀನು ನಂಬುತ್ತಿದ್ದೆ.

ಹಾಗಾದರೆ ಆ ಹನ್ನೊಂದು ವರ್ಷ ಅಳೆದವರು ಯಾರು ಅಂತ ಈಗ ಕೇಳುತ್ತೀಯ. ನಿನ್ನ ದೊಡ್ಡಮ್ಮ.

ಐದನೇ ಕ್ಲಾಸು ಓದಿದವಳು. ಅಕ್ಕಿ ಆರಿಸುವ ಕಣ್ಣು ಅವಳದು, ಕಲ್ಲು ಬಿಟ್ಟದ್ದೇ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಹಳೇ ಸೀರೆ ಕಟ್ಟಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮೊದಮೊದಲು ಮೌಸು ಮುಟ್ಟಲು ಹೆದರಿಕೆ. ಆಮೇಲೆ ನನಗೇ ಹೇಳುವಳು, "ಇವತ್ತು ನಿಮ್ ಪದ್ದು ಚಿತ್ರ ಮಸ್ಕಾಗಿ ಕಳ್ಸವ್ಳೆ, ಅಲ್ಲಿ ಗಾಳಿ ಜಾಸ್ತಿ ಇತ್ತೇನೋ." ನಿನ್ನ ಕಾಗದ ಬಂದು ನೋಡಿದರೆ ನೀನೂ ಗಾಳಿ ಜಾಸ್ತಿ ಇತ್ತು ಅಂತಲೇ ಬರೆದಿರುತ್ತಿದ್ದೆ. ಒಂದೊಂದು ಚಿತ್ರವನ್ನೂ ಮೂರು ಸಲ ಅಳೆದು ಅಂಕಿ ಹೇಳುವಳು, ನಾನು ಬರೆದುಕೊಳ್ಳುವೆ. ಲೆಕ್ಕದ ಪ್ರಕಾರ ಎಷ್ಟು ಬರಬೇಕು ಅಂತ ಅವಳಿಗೆ ಒಂದು ಸಲವೂ ಹೇಳಿಲ್ಲ. ಆ ಹಾಳೆ ನನಗೆ ಬಾಯಿಪಾಠ, ಆದರೂ ತುಟಿ ಬಿಚ್ಚದೆ ಪಕ್ಕದಲ್ಲಿ ಕೂರುತ್ತಿದ್ದೆ. ನಮ್ಮ ಪಟ್ಟಿಯಲ್ಲಿ ಅವಳಷ್ಟು ಶುದ್ಧವಾಗಿ ಅಳೆದವರು ಬೇರೆ ಯಾರೂ ಇಲ್ಲ.

ಪಟ್ಟಿಯಲ್ಲಿ ನಿಮ್ಮ ಹೆಸರೇ ಇರಲಿ ಅಂತ ಅವಳೇ ಅಂದಳು ಎಂದು ಬರೆದುಬಿಡಬಹುದಿತ್ತು. ಅವಳು ಹಾಗೆ ಅನ್ನಲಿಲ್ಲ. ನಾನು ಕೇಳಲೇ ಇಲ್ಲ.

2021ರ ಏಪ್ರಿಲ್ ಐದನೇ ತಾರೀಖು ಅವಳು 237.6 ಅಂದಳು. ನನ್ನ ಹಾಳೆಯಲ್ಲಿ 236.0 ಇತ್ತು. ಅವಳು ಅಂದದ್ದನ್ನೇ ಬರೆದು ಅಂಚೆಗೆ ಹಾಕಿದೆ. ನಿನ್ನ ಕಾಗದದಲ್ಲಿ 236.2 ಬಂತು. ಹಿಂದೆಯೇ ಇನ್ನೊಂದು ಕಾಗದ, ಈ ಸಲದ ನಿಮ್ಮ ಅಂಕಿ ಕೆಟ್ಟಿದೆ, ಮತ್ತೆ ಅಳೆಯಿರಿ ಅಂತ. ಓದಿಸಿಕೊಂಡು ಅವಳ ಮೇಲೆ ರೇಗಿದೆ. ಆಗಲೇ ಅವಳಿಗೆ ಮೈ ಬಿಸಿ ಇತ್ತು. ಆದರೂ ಕೂತಳು. ನಾಲ್ಕು ಸಲ ಅಳೆದಳು. ನಾಲ್ಕು ಸಲವೂ 237.6ರ ಅಕ್ಕಪಕ್ಕವೇ ಬಂತು. ನಾನು ಮೂವತ್ತೊಂದು ವರ್ಷದ ನನ್ನ ಸರ್ವಿಸು ಎಲ್ಲ ಹೇಳಿ ಗದರಿಸಿದೆ. ಅವಳು ಅಂದದ್ದು ಇಷ್ಟೆ: "ಅದು ಅಲ್ಲೇ ಐತೆ ಕಣ್ರೀ. ಇಲ್ದಿರೋ ಕಡೆ ಐತೆ ಅಂತ ಎಂಗೇಳ್ಲಿ?"

ನಾನು ಅವಳು ಬರೆದಿಟ್ಟ ಚೀಟಿ ಹರಿದುಹಾಕಿ 236.0 ಅಂತ ಬರೆದು ಕಳಿಸಿದೆ. ಅದೇ ಮೊದಲ ಸುಳ್ಳು. ಅವಳು ಬದುಕಿದ್ದಾಗಲೇ, ಪಕ್ಕದ ಕೋಣೆಯಲ್ಲಿ ಮಲಗಿದ್ದಾಗಲೇ. ನಾಲ್ಕು ದಿನಕ್ಕೆ ಆಸ್ಪತ್ರೆ, ಮೇ ಒಂಬತ್ತಕ್ಕೆ ಹೋಗಿಬಿಟ್ಟಳು.

ಆಮೇಲಿನದೆಲ್ಲ ಹಾಳೆಯಿಂದ ಬರೆದದ್ದು. ಒಂದಷ್ಟು ಹೆಚ್ಚುಕಡಿಮೆ ಮಾಡಿ ಬರೆದಿದ್ದರೆ ನೀನು ಹಿಡಿಯುತ್ತಿರಲಿಲ್ಲ. ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಲು ಕೈ ಬರಲಿಲ್ಲ. ನೀನು ಬರೆದ ಹಾಗೆ ಲೆಕ್ಕದ ಮರ್ಯಾದೆಗಾಗಿ ಮಾಡಿದ್ದಲ್ಲ ಪದ್ದು. ಅಂಕಿ ನಿಂತರೆ ನೀನು ಯಾಕೆ ಕಾಗದ ಬರೆಯುತ್ತೀಯ? ವರ್ಷಕ್ಕೆ ಮೂರು ಸಲ ನಿನ್ನ ಕಾಗದ ಬರುತ್ತದೆ. ಅದಿಲ್ಲದಿದ್ದರೆ ನನಗೆ ಇನ್ನು ಯಾರಿದ್ದಾರೆ?

ದೊಡ್ಡಪ್ಪ


ಬೆಟ್ಟದಿಂದ
8 ಮಾರ್ಚ್ 2024

ದೊಡ್ಡಪ್ಪ,

ನಿಮ್ಮ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಈಗ ನನ್ನದು ಕೇಳಿ.

ನನ್ನ ನೋಟ್‌ಬುಕ್ ತೆಗೆದೆ, 2021ರ ಏಪ್ರಿಲ್ ಐದರ ಪುಟ. ಅಲ್ಲಿ ನನ್ನ ಕೈಯಲ್ಲೇ 237.5 ಅಂತ ಇದೆ. ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ 236.2 ಅಂತ ಬರೆದಿದ್ದೇನೆ. ಯಾಕೆ ಅಂತ ಚೆನ್ನಾಗಿ ನೆನಪಿದೆ. ನಿಮ್ಮ 2008ರ ಹಾಳೆಯ ಪ್ರತಿ ಮೇಜಿನ ಮೇಲೆ ಬಿದ್ದಿತ್ತು. ಅಳೆದ ಮೇಲೆ ಅದನ್ನು ನೋಡಿದೆ. ಒಂದೂವರೆ ಡಿಗ್ರಿ ತಪ್ಪಿದ್ದೇನೆ ಅನ್ನಿಸಿತು. ಅವತ್ತು ಗಾಳಿ ಸರಿ ಇರಲಿಲ್ಲ ಅಂತ ನನಗೆ ನಾನೇ ನೆಪ ಹೇಳಿಕೊಂಡು ನಿಮ್ಮ ಅಂಕಿಯ ಹತ್ತಿರಕ್ಕೆ ಜರುಗಿಸಿದೆ. ನಿಮ್ಮ ಲೆಕ್ಕದ ಮೇಲೆ ನನಗೆ ನನ್ನ ಕಣ್ಣಿಗಿಂತ ಹೆಚ್ಚು ನಂಬಿಕೆ ಇತ್ತು.

ಹತ್ತು ದಿನಕ್ಕೆ ನಿಮ್ಮ ಕಾಗದದಲ್ಲಿ 237.6 ಬಂತು. ಆಗಲಾದರೂ ನಾನು ಅಳೆದದ್ದೂ ಅದೇ ಅಂತ ಒಂದು ಸಾಲು ಬರೆಯಬೇಕಿತ್ತು. ತಿದ್ದಿದ್ದು ಗೊತ್ತಾಗುತ್ತದಲ್ಲ ಅಂತ ಅಂಕಿ ಕೆಟ್ಟಿದೆ ಅಂತ ಬರೆದುಬಿಟ್ಟೆ. ಜನವರಿಯಲ್ಲಿ ನಿಮಗೆ ಅಷ್ಟು ದೊಡ್ಡ ಮಾತು ಬರೆದವಳು ನಾನೇ. ನಿಮಗಿಂತ ಇಪ್ಪತ್ತೊಂದು ದಿನ ಮುಂಚೆ ಸುಳ್ಳು ಬರೆದವಳೂ ನಾನೇ. ಜ್ವರದಲ್ಲಿ ಅವಳನ್ನು ಎಬ್ಬಿಸಿ ಕೂರಿಸಿದ್ದು ನನ್ನ ಕಾಗದ.

ಲೆಕ್ಕ ಮತ್ತೆ ಹಾಕಿದೆ. ಮೂವತ್ತೆಂಟು ವರ್ಷ ಅಲ್ಲ ದೊಡ್ಡಪ್ಪ, ಅರವತ್ತೊಂದು. ಹತ್ತಿರ ಬರುವುದು ಈ ಫೆಬ್ರವರಿಯಲ್ಲಿ ಅಲ್ಲ, 2029ರಲ್ಲಿ. ನಕ್ಷತ್ರ ನಿಮ್ಮ ದಾರಿ ಬಿಟ್ಟು ಬೇರೆ ದಾರಿ ಹಿಡಿದದ್ದು ಮೊದಲು ಕಂಡದ್ದು 2021ರ ಏಪ್ರಿಲ್‌ನಲ್ಲಿ. ಅದನ್ನು ಕಂಡು ಕಂಡ ಹಾಗೆ ಹೇಳಿದವಳು ಒಬ್ಬಳೇ. ಓದಿದವರು ಇಬ್ಬರೂ ಸೇರಿ ಅವಳ ಬಾಯಿ ಮುಚ್ಚಿಸಿದೆವು.

ಪಟ್ಟಿ ಹೀಗೆ ಕಳಿಸುತ್ತಿದ್ದೇನೆ: 1988ರಿಂದ 2010ರವರೆಗಿನದು ನಿಮ್ಮ ಹೆಸರಲ್ಲಿ. 2010ರಿಂದ 2021ರ ಏಪ್ರಿಲ್ ಐದರವರೆಗಿನದು ದೊಡ್ಡಮ್ಮನ ಹೆಸರಲ್ಲಿ. ಆಮೇಲಿನ ನಿಮ್ಮದು ತೆಗೆದಿದ್ದೇನೆ. 2021ರ ಏಪ್ರಿಲ್‌ನ ನನ್ನದನ್ನೂ ತೆಗೆದಿದ್ದೇನೆ, ಕಾರಣ ಬರೆದೇ ತೆಗೆದಿದ್ದೇನೆ. ಆ ತಿಂಗಳಿಗೆ ಪಟ್ಟಿಯಲ್ಲಿ ಒಂದೇ ಅಂಕಿ ಇರುತ್ತದೆ, ಅದರ ಮುಂದೆ ದ್ರೌಪದಮ್ಮ, ಕೊಡಿಗೇಹಳ್ಳಿ ಅಂತ ಇರುತ್ತದೆ.

ಮುಂದಿನ ತಿಂಗಳು ಹದಿನೈದು ದಿನ ರಜೆ ಹಾಕಿ ಬರುತ್ತೇನೆ. ಅಂಕಿ ಇಲ್ಲದಿದ್ದರೆ ಬರೆಯುವುದಿಲ್ಲ ಅಂದುಕೊಂಡಿರಲ್ಲ, ಅಷ್ಟು ದೂರ ಹೋಗಿಬಿಟ್ಟಿದ್ದೆನಾ ನಾನು?

ಒಂದು ಕೇಳುತ್ತೇನೆ. ಆಸ್ಪತ್ರೆಗೆ ಹೋದ ಮೇಲೆ ದೊಡ್ಡಮ್ಮ ಆ ಅಂಕಿ ವಿಚಾರ ಕೇಳಿದಳಾ? ಕೇಳಿದ್ದರೆ ಏನಂದಿರಿ? ನನ್ನನ್ನು ಸಮಾಧಾನ ಮಾಡಲು ಬರೆಯಬೇಡಿ. ಇದ್ದದ್ದನ್ನು ಬರೆಯಿರಿ.

ಪದ್ದು


ಕೊಡಿಗೇಹಳ್ಳಿ
20 ಮಾರ್ಚ್ 2024

ಪದ್ದು,

ಪಟ್ಟಿ ಹಾಗೆಯೇ ಕಳಿಸು. 2010ರವರೆಗೆ ಅಂತ ನನ್ನ ಹೆಸರು ಹಾಕಿದ್ದೀಯಲ್ಲ, ಆ ವರ್ಷದ ಕೊನೆಯ ಎರಡು ಅವಳವು. ಸೆಪ್ಟೆಂಬರ್ ಮತ್ತು ಡಿಸೆಂಬರ್‌ನವು. ಅವನ್ನೂ ಅವಳ ಕಡೆಗೆ ಹಾಕು.

ನೀನು ಬರುತ್ತೀ ಅಂತ ಪ್ರತಿಭಾ ಓದಿದಾಗ ಇನ್ನೊಂದು ಸಲ ಓದು ಅಂದೆ. ಈ ಕಾಗದ ತಾನು ಬರೆದುಕೊಡಲಾ ಅಂದಳು, ಬೇಡ ಅಂದೆ. ನಿಧಾನಕ್ಕೆ ನಾನೇ ಬರೆಯುತ್ತಿದ್ದೇನೆ, ಸಾಲು ಓರೆ ಹೋದರೆ ಬೇಜಾರಾಗಬೇಡ.

ಕೇಳಿದಳು. ಮೇ ಆರನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನರ್ಸಮ್ಮ ಒಬ್ಬರು ಅವಳ ಮುಂದೆ ಫೋನ್ ಹಿಡಿದಿದ್ದರು. ನನಗೆ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ. ಆಕ್ಸಿಜನ್ ಸದ್ದಿನಲ್ಲಿ ಬಿಟ್ಟು ಬಿಟ್ಟು ಮಾತಾಡುತ್ತಿದ್ದಳು. ಗ್ಯಾಸ್ ಬುಕ್ ಮಾಡಿದ್ರಾ, ಮಾತ್ರೆ ತಗೊಂಡ್ರಾ ಅಂತ ಕೇಳಿದಳು. ಆಮೇಲೆ, "ಪದ್ದು ಕಾಗ್ದ ಬಂತಾ? ಎರಡ್ನೇ ಸಲದ್ದು ಸರಿ ಅಂದ್ಲಾ?" ಅಂದಳು.

ಎರಡನೇ ಸಲದ ಅವಳ ಅಂಕಿ ನಾನು ಕಳಿಸಿಯೇ ಇರಲಿಲ್ಲ. ಆ ಸಲ ಇಬ್ಬರೂ ಸ್ಪೀಡ್ ಪೋಸ್ಟ್ ಮಾಡಿದ್ದರಿಂದ ನಿನ್ನ ಕಾಗದ ಹಿಂದಿನ ದಿನವೇ ಬಂದಿತ್ತು, 236.0 ನೋಡಿ ಈಗ ಸರಿಯಾಯಿತು ಅಂತ ನೀನು ಬರೆದಿದ್ದೆ. ಸರಿ ಅಂದಳು ಕಣೇ ಅನ್ನಬಹುದಿತ್ತು. ಆ ಕ್ಷಣಕ್ಕೆ ಅದು ಸುಳ್ಳಾಗುತ್ತಿತ್ತು, ಆದರೆ ನಿಜವೂ ಅದೇ ಆಗಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೆ. ನಾನು ಅಂದದ್ದು, "ಇಲ್ಲ, ನಿಂದು ತಪ್ಪಂತೆ. ನನ್ನ ಲೆಕ್ಕಾನೇ ಸರಿಯಂತೆ."

"ಔದಾ" ಅಂದಳು. "ನಾಲ್ಕ್ ಸಲಾನೂ ಅಲ್ಲೇ ಕಾಣ್ತಲ್ಲ ನಂಗೆ. ಅಂಗಾದ್ರೆ ನನ್ ಕಣ್ಣೂ ಓಯ್ತು ಅನ್ಸುತ್ತೆ ಕಣ್ರೀ. ಇನ್ಮೇಲೆ ನಿಮ್ಗೆ ಯಾರ್ ನೋಡ್ಕೊಡ್ತಾರೆ?"

ಮನೆಗೆ ಬಾ, ಕನ್ನಡಕ ಬದಲಾಯಿಸೋಣ ಅಂದೆ. ಹೂಂ ಅಂದಳು. ನರ್ಸಮ್ಮ ಫೋನ್ ಇಟ್ಟರು.

ದೊಡ್ಡಪ್ಪ